ಎಲ್ಲ ಮಾಧ್ಯಮವೂ ಸುಳ್ಳು ಎಂದರೆ ಗೆಲ್ಲುವವರು ಯಾರು?

‘ಪೇಪರ್ ಓದೋದು ಬಿಟ್ಟು ಎಷ್ಟೋ ವರ್ಷವಾಯಿತು, ಟಿ.ವಿ. ನ್ಯೂಸಂತೂ ಹಾಕುವುದೇ ಇಲ್ಲ, ಎಲ್ಲರೂ ಮಾರಿಕೊಂಡವರು.’ ಮದುವೆ ಮನೆಯಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಕಾಲೇಜಿನ ಸ್ಟಾಫ್ ರೂಮಿನಲ್ಲಿ ಈಗ ಯಾರು ಬೇಕಾದರೂ ಈ ಮಾತನ್ನು ಎದೆಯುಬ್ಬಿಸಿ ಹೇಳುತ್ತಾರೆ. ಯಾರೂ ಎದುರಾಡುವುದಿಲ್ಲ. ಎಡಪಂಥದವರು ತಲೆದೂಗುತ್ತಾರೆ, ಬಲಪಂಥದವರೂ ತಲೆದೂಗುತ್ತಾರೆ. ನೀರಿನಿಂದ ಹಿಡಿದು ನುಡಿಯವರೆಗೆ ಯಾವುದರಲ್ಲೂ ಒಂದಾಗದ ನಾವು ಇದೊಂದರಲ್ಲಿ ಒಂದಾಗಿದ್ದೇವೆ. ಓದದೆ ಇರುವುದು ನಾಚಿಕೆಯ ಸಂಗತಿಯಾಗಿದ್ದ ಕಾಲ ಹೋಗಿ, ಅದು ಜಾಣರ ಗುರುತಾಗಿಬಿಟ್ಟಿದೆ. ‘ಎಲ್ಲರೂ ಮಾರಿಕೊಂಡವರು’ ಎಂಬ ಈ ಮಾತು ಸುಳ್ಳು. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಇದು ಜನರನ್ನು ಕೊಂದಿದೆ, ತಪ್ಪಿತಸ್ಥರನ್ನು ಕಾಪಾಡಿದೆ, ಇನ್ನೂ ಕಾಪಾಡುತ್ತಿದೆ.

ಮಾಧ್ಯಮಗಳ ಪಾಪವನ್ನು ಮುಚ್ಚಿಡುವುದು ನನ್ನ ಕೆಲಸವಲ್ಲ. 2016ರ ನವೆಂಬರಿನಲ್ಲಿ ಎರಡು ಸಾವಿರ ರೂಪಾಯಿಯ ನೋಟಿನಲ್ಲಿ ಚಿಪ್ ಇದೆ, ನೆಲದಡಿ ಹೂತಿಟ್ಟರೂ ಉಪಗ್ರಹ ಹುಡುಕುತ್ತದೆ ಎಂದು ಕನ್ನಡವೂ ಸೇರಿ ಹಲವು ಭಾಷೆಗಳ ವಾಹಿನಿಗಳು ಗಂಟೆಗಟ್ಟಲೆ ಕೂಗಿದವು. 2020ರಲ್ಲಿ ಕೊರೊನಾ ಬಂದಾಗ ತಬ್ಲೀಗಿ ಜಮಾತ್ ಹೆಸರು ಹಿಡಿದು ಒಂದು ಇಡೀ ಸಮುದಾಯವನ್ನು ರೋಗದ ಮೂಲವೆಂಬಂತೆ ತೋರಿಸಿದವು. ಆ ವರ್ಷದ ಆಗಸ್ಟಿನಲ್ಲಿ ಬಾಂಬೆ ಹೈಕೋರ್ಟಿನ ಔರಂಗಾಬಾದ್ ಪೀಠ ತನ್ನ ತೀರ್ಪಿನಲ್ಲೇ ಅದನ್ನು ಖಂಡಿಸಬೇಕಾಯಿತು. ಚುನಾವಣೆ ಬಂದರೆ ಕಾಸಿಗಾಗಿ ಸುದ್ದಿ, ಸಂಜೆಯಾದರೆ ಕಿರುಚಾಟ, ಬೆಳಿಗ್ಗೆಯಾದರೆ ಜ್ಯೋತಿಷ. ಇದರಲ್ಲಿ ಒಂದನ್ನೂ ನಾನು ಸಮರ್ಥಿಸುವುದಿಲ್ಲ.

ಆದರೆ ಕೇಳುತ್ತೇನೆ, ಈ ಪಾಪಗಳ ಪಟ್ಟಿ ನಿಮ್ಮ ಕೈಗೆ ಬಂದದ್ದು ಎಲ್ಲಿಂದ? 2009ರ ಮಹಾರಾಷ್ಟ್ರ ವಿಧಾನಸಭಾ ಚುನಾವಣೆಯ ಹೊತ್ತಿನಲ್ಲಿ ಮುಖ್ಯಮಂತ್ರಿ ಅಶೋಕ ಚವಾಣ್ ಅವರನ್ನು ಹೊಗಳುವ ಒಂದೇ ಬರಹ ಬೇರೆ ಬೇರೆ ಮರಾಠಿ ಪತ್ರಿಕೆಗಳಲ್ಲಿ ಸುದ್ದಿಯ ವೇಷದಲ್ಲಿ ಅಚ್ಚಾಗಿತ್ತು. ಅದನ್ನು ಸಾಲು ಸಾಲಾಗಿ ಹೋಲಿಸಿ, ಇದು ಕಾಸು ಕೊಟ್ಟು ಬರೆಸಿದ ಸುದ್ದಿ ಎಂದು ದೇಶದ ಮುಂದಿಟ್ಟವರು ಪಿ. ಸಾಯಿನಾಥ್. ಅದು ಅಚ್ಚಾದದ್ದು ‘ದಿ ಹಿಂದೂ’ವಿನಲ್ಲಿ, ಅಂದರೆ ಒಂದು ದಿನಪತ್ರಿಕೆಯಲ್ಲಿ. ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿಯಲ್ಲಿ ಕುಳಿತು ಕಾಸಿನ ಸುದ್ದಿಯ ಬಗ್ಗೆ ಪತ್ರಿಕೆಗಳ ಹೆಸರು ಹಿಡಿದು ವರದಿ ಬರೆದ ಪರಂಜಯ್ ಗುಹಾ ಠಾಕುರ್ತಾ ಮತ್ತು ಕೆ. ಶ್ರೀನಿವಾಸ ರೆಡ್ಡಿ ಇಬ್ಬರೂ ಪತ್ರಕರ್ತರೇ. 2010ರಲ್ಲಿ ಮಂಡಳಿ ಆ ವರದಿಯನ್ನು ಪೂರ್ತಿಯಾಗಿ ಹೊರಬಿಡಲಿಲ್ಲ. ಮಾಹಿತಿ ಹಕ್ಕಿನ ಹೋರಾಟದಿಂದ ಮರುವರ್ಷ ಅದು ಜನರಿಗೆ ಸಿಕ್ಕಿತು. ಪತ್ರಿಕೋದ್ಯಮ ಮಾರಾಟಕ್ಕಿದೆ ಎಂದು ಪುರಾವೆಯೊಂದಿಗೆ ಹೇಳಿದ್ದು ಪತ್ರಿಕೋದ್ಯಮ. ಆ ಪುರಾವೆಯನ್ನು ತೆಗೆದುಕೊಂಡು, ಅದನ್ನು ತಂದುಕೊಟ್ಟವರನ್ನೂ ಕಳ್ಳರ ಸಾಲಿನಲ್ಲಿ ನಿಲ್ಲಿಸುವುದು ಯಾವ ನ್ಯಾಯ?

ಇಲ್ಲಿಂದಲೇ ಈ ವಾದದ ದೊಡ್ಡ ಅನ್ಯಾಯ ಶುರುವಾಗುತ್ತದೆ. ‘ಮೀಡಿಯಾ’ ಎಂಬ ಒಂದೇ ಹೆಸರಿನ ಕೆಳಗೆ, ಬೆಂಗಳೂರಿನ ಸ್ಟುಡಿಯೋದಲ್ಲಿ ಕುಳಿತು ಕೂಗುವ ನಿರೂಪಕನನ್ನೂ ಜಿಲ್ಲಾಸ್ಪತ್ರೆಯ ಹಿಂಬಾಗಿಲಲ್ಲಿ ರಾತ್ರಿಯಿಡೀ ನಿಲ್ಲುವ ವರದಿಗಾರನನ್ನೂ ಕಟ್ಟಿಹಾಕುತ್ತೀರಿ. ಇಬ್ಬರ ಕೆಲಸ ಒಂದೇ ಅಲ್ಲ, ಸಂಬಳ ಒಂದೇ ಅಲ್ಲ, ಅವರು ಎದುರಿಸುವ ಅಪಾಯವಂತೂ ಒಂದೇ ಅಲ್ಲವೇ ಅಲ್ಲ. ನಮ್ಮ ತಾಲ್ಲೂಕು ಕೇಂದ್ರಗಳ ಎಷ್ಟೋ ವರದಿಗಾರರು ಅರೆಕಾಲಿಕರು. ಬರುವ ಗೌರವಧನ ಬೈಕಿನ ಪೆಟ್ರೋಲಿಗೆ ಸಾಲುವುದಿಲ್ಲ. ಮರಳು ದಂಧೆಯ ಬಗ್ಗೆ ಬರೆದರೆ, ಬರೆಸಿಕೊಂಡವನು ಮರುದಿನ ಅದೇ ಸಂತೆಯಲ್ಲಿ ಎದುರಾಗುತ್ತಾನೆ. ಇಂಥವರನ್ನು ‘ಮಾರಿಕೊಂಡವರು’ ಎನ್ನುವ ಮೊದಲು ಅವರಲ್ಲಿ ಒಬ್ಬರ ವರದಿಯನ್ನಾದರೂ ಕೊನೆಯ ಸಾಲಿನವರೆಗೆ ಓದಿದ್ದೀರಾ?

ಹಾಗೆ ಓದದೆ ಹೋದರೆ ಏನಾಗುತ್ತದೆ ನೋಡಿ. ರಾಜಕುಮಾರ್ ಕೇಸ್ವಾನಿ ಭೋಪಾಲದ ಪತ್ರಕರ್ತರಾಗಿದ್ದರು. ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ 1981ರ ಡಿಸೆಂಬರಿನಲ್ಲಿ ಅನಿಲ ಸೋರಿ ಅವರ ಪರಿಚಯದ ಕಾರ್ಮಿಕನೊಬ್ಬ ಸತ್ತ. ಕೇಸ್ವಾನಿ ಆ ಸಾವಿನ ಬೆನ್ನು ಹತ್ತಿದರು. ಕಾರ್ಖಾನೆಯ ಒಳಗಿನ ಕಾಗದಪತ್ರ ಹುಡುಕಿ ತೆಗೆದರು, ವಿಷಾನಿಲದ ರಸಾಯನಶಾಸ್ತ್ರವನ್ನು ತಾವೇ ಓದಿ ಕಲಿತರು. 1982ರ ಸೆಪ್ಟೆಂಬರಿನಲ್ಲಿ ‘ರಪಟ್’ ಎಂಬ ತಮ್ಮ ಪುಟ್ಟ ವಾರಪತ್ರಿಕೆಯಲ್ಲಿ ಈ ನಗರವನ್ನು ಉಳಿಸಿ ಎಂದು ಬರೆದರು. ಮುಂದಿನ ವಾರಗಳಲ್ಲಿ ಮತ್ತೆ ಬರೆದರು. ಮುಖ್ಯಮಂತ್ರಿಗೆ ಪತ್ರ ಹಾಕಿದರು. 1984ರ ಜೂನಿನಲ್ಲಿ ‘ಜನಸತ್ತಾ’ದಲ್ಲಿ ಇನ್ನೊಮ್ಮೆ ಎಚ್ಚರಿಸಿದರು. ಸಣ್ಣ ಪತ್ರಿಕೆಯವನ ಬೊಬ್ಬೆ ಎಂದು ಎಲ್ಲರೂ ಕೈಕೊಡವಿದರು. ಅದಾದ ಆರು ತಿಂಗಳೊಳಗೆ, ಡಿಸೆಂಬರ್ 2ರ ನಡುರಾತ್ರಿ, ಆ ಕಾರ್ಖಾನೆಯಿಂದ ಹೊರಟ ಅನಿಲ ಸಾವಿರಾರು ಜನರನ್ನು ಮಲಗಿದಲ್ಲೇ ಕೊಂದಿತು. ನಂಬಿಕೆಗೆ ಅರ್ಹವಾದ ಮಾಹಿತಿ ಭೋಪಾಲದಲ್ಲಿ ಎರಡು ವರ್ಷ ಮೊದಲೇ ಅಚ್ಚಾಗಿ ಬಿದ್ದಿತ್ತು. ಕೊರತೆ ಇದ್ದದ್ದು ಓದಿ ನಂಬುವವರದ್ದು.

ಹಳೆಯ ಕಾಲದ ಮಾತಾಯಿತು ಎನ್ನುವಿರಾದರೆ 2019ಕ್ಕೆ ಬನ್ನಿ. ಉತ್ತರ ಪ್ರದೇಶದ ಮಿರ್ಜಾಪುರದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟಕ್ಕೆ ಮಕ್ಕಳಿಗೆ ರೊಟ್ಟಿ ಮತ್ತು ಉಪ್ಪು ಬಡಿಸುತ್ತಿದ್ದುದನ್ನು ಚಿತ್ರೀಕರಿಸಿದವರು ‘ಜನಸಂದೇಶ್ ಟೈಮ್ಸ್’ನ ಸ್ಥಳೀಯ ವರದಿಗಾರ ಪವನ್ ಜೈಸ್ವಾಲ್. ಕೆಲವೇ ದಿನಗಳಲ್ಲಿ ಅವರ ಮೇಲೆಯೇ ಪಿತೂರಿಯ ಮೊಕದ್ದಮೆ ಬಿತ್ತು. 2018ರ ಜನವರಿಯಲ್ಲಿ ಐನೂರು ರೂಪಾಯಿ ಕೊಟ್ಟರೆ ಯಾರ ಆಧಾರ್ ವಿವರ ಬೇಕಾದರೂ ಸಿಗುತ್ತದೆ ಎಂದು ‘ದಿ ಟ್ರಿಬ್ಯೂನ್’ನ ರಚನಾ ಖೈರಾ ಬರೆದಾಗಲೂ ಆದದ್ದು ಅದೇ, ವರದಿಗಾರ್ತಿಯ ಹೆಸರು ಎಫ್‌ಐಆರ್‌ನಲ್ಲಿ. ಇನ್ನು 2021ರ ಏಪ್ರಿಲ್. ಅಹಮದಾಬಾದಿನಲ್ಲಿ ಕೋವಿಡ್ ಸಾವಿನ ಸರ್ಕಾರಿ ಲೆಕ್ಕ ಸ್ಮಶಾನದ ಹೊಗೆಗೆ ತಾಳೆಯಾಗುತ್ತಿರಲಿಲ್ಲ. ಗುಜರಾತಿ ದಿನಪತ್ರಿಕೆ ‘ಸಂದೇಶ್’ನ ವರದಿಗಾರರು ಸಿವಿಲ್ ಆಸ್ಪತ್ರೆಯ ಶವಾಗಾರದ ಬಾಗಿಲಲ್ಲಿ 17 ಗಂಟೆ ನಿಂತು, ಹೊರಬಂದ 69 ಶವಗಳನ್ನು ಎಣಿಸಿದರು. ಸರ್ಕಾರದ ಪ್ರಕಟಣೆ ಇಡೀ ಅಹಮದಾಬಾದಿಗೆ 20 ಸಾವು ಎಂದಿತು. ಆ ಪತ್ರಿಕೆ ‘ಮೇನ್‌ಸ್ಟ್ರೀಮ್’ ಅಲ್ಲವೇ? ಅದಕ್ಕೆ ಮಾಲೀಕರಿಲ್ಲವೇ, ಜಾಹೀರಾತಿಲ್ಲವೇ? ಎಲ್ಲ ಇದ್ದೂ ಎಣಿಸಿದರು. ಯಾವ ವಾಟ್ಸ್‌ಆ್ಯಪ್ ಫಾರ್ವರ್ಡ್ ಹೋಗಿ ಶವಾಗಾರದ ಮುಂದೆ ನಿಂತಿತ್ತು?

ಪತ್ರಿಕೆಯನ್ನು ಬಿಟ್ಟವರು ಏನನ್ನೂ ನಂಬದವರಾಗಿ ಉಳಿದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಹಾಗಾಗಲಿಲ್ಲ. ಸಂಪಾದಕನಿದ್ದ, ವಿಳಾಸವಿದ್ದ ಸುದ್ದಿಯನ್ನು ನಂಬಲಾರೆ ಎಂದವರು ಹೆಸರಿಲ್ಲದ, ಊರಿಲ್ಲದ, ತಾರೀಖಿಲ್ಲದ ವಿಡಿಯೊವನ್ನು ಕಣ್ಣುಮುಚ್ಚಿ ನಂಬಿದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡ ಹಾಗಾಯಿತು.

2018ರಲ್ಲಿ ಮಕ್ಕಳ ಕಳ್ಳರ ವಿಡಿಯೊ ಕರ್ನಾಟಕದ ಊರೂರಿಗೆ ಹರಿಯಿತು. ಅದರ ಮೂಲ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಒಂದು ಜಾಗೃತಿ ಚಿತ್ರ. ಬೈಕಿನಲ್ಲಿ ಬಂದವರು ಮಗುವನ್ನು ವಾಪಸು ಬಿಟ್ಟು ಎಚ್ಚರಿಕೆಯ ಫಲಕ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು. ಇದು ವದಂತಿ, ನಂಬಬೇಡಿ ಎಂಬ ಪೊಲೀಸರ ಪ್ರಕಟಣೆಗಳು ಆ ದಿನಗಳಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇದ್ದವು. ಓದುವವರು ಯಾರು? ಮೇ 23ರಂದು ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೂಲಿಗಾಗಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಕೈಕಾಲು ಕಟ್ಟಿ ಹೊಡೆದು ಕೊಂದರು. ಜುಲೈ 13ರಂದು ಬೀದರ್ ಜಿಲ್ಲೆಯಲ್ಲಿ, ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ತಪ್ಪಾಗಿ, ಕಾರಿನಲ್ಲಿ ಬಂದಿದ್ದ ಗೆಳೆಯರ ಚಿತ್ರ ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಯಿತು. ಅವರ ಕಾರಿಗಿಂತ ಮೊದಲು ಆ ಸುಳ್ಳು ಮುಂದಿನ ಊರು ಮುರ್ಕಿಯನ್ನು ಮುಟ್ಟಿತ್ತು. ದಾರಿಗೆ ಅಡ್ಡ ಹಾಕಿ ಕಾಯುತ್ತಿದ್ದ ಜನರ ಹೊಡೆತಕ್ಕೆ ಹೈದರಾಬಾದಿನ ಯುವ ಇಂಜಿನಿಯರ್ ಒಬ್ಬರು ಸತ್ತರು. ಬಂಧಿತರಲ್ಲಿ ಗುಂಪಿನ ಅಡ್ಮಿನ್ ಕೂಡ ಇದ್ದ. ಆ ಗುಂಪಿನ ಸದಸ್ಯರಲ್ಲಿ ಒಬ್ಬನಾದರೂ ‘ಇದನ್ನು ಕಣ್ಣಾರೆ ನೋಡಿದವರು ಯಾರು?’ ಎಂದು ಕೇಳಿದ್ದರೆ?

ಅದಕ್ಕೂ ಮೊದಲು, 2012ರ ಆಗಸ್ಟಿನಲ್ಲಿ, ದಾಳಿಯಾಗುತ್ತದೆ ಎಂಬ ಬರೀ ಎಸ್ಸೆಮ್ಮೆಸ್ಸಿನ ಭಯಕ್ಕೆ ಈಶಾನ್ಯ ರಾಜ್ಯಗಳ ಸಾವಿರಾರು ಯುವಕ ಯುವತಿಯರು ಬೆಂಗಳೂರು ಬಿಟ್ಟು ಗುವಾಹಟಿಯ ರೈಲು ಹತ್ತಿದ್ದರು. ರೈಲ್ವೆ ವಿಶೇಷ ಗಾಡಿಗಳನ್ನೇ ಓಡಿಸಬೇಕಾಯಿತು. 2017ರ ಡಿಸೆಂಬರಿನಲ್ಲಿ ಹೊನ್ನಾವರದ ಯುವಕನೊಬ್ಬನ ಶವ ಕೆರೆಯಲ್ಲಿ ಸಿಕ್ಕಾಗ, ಚಿತ್ರಹಿಂಸೆ ಕೊಟ್ಟು ಕೊಂದಿದ್ದಾರೆ ಎಂಬ ವಿವರ ವಿವರವಾದ ಕಥೆಗಳು ಮೊಬೈಲುಗಳಲ್ಲಿ ಓಡಾಡಿದವು. ವಿಧಿವಿಜ್ಞಾನ ವೈದ್ಯರು ಅಂಥ ಗುರುತುಗಳಿಲ್ಲ ಎಂದರು. ಕೇಳಿಸಿಕೊಳ್ಳುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಕುಮಟಾದಲ್ಲಿ ಪೊಲೀಸ್ ಅಧಿಕಾರಿಯ ಕಾರಿಗೇ ಬೆಂಕಿ ಬಿತ್ತು, ಶಿರಸಿ ಹೊತ್ತಿ ಉರಿಯಿತು. 2022ರಲ್ಲಿ ಸಿಬಿಐ ಅದು ಆಕಸ್ಮಿಕ ಸಾವು ಎಂದು ನ್ಯಾಯಾಲಯಕ್ಕೆ ವರದಿ ಕೊಟ್ಟಿತು. ಅಂದು ಆ ಕಥೆಗಳನ್ನು ಹಂಚಿದವರಲ್ಲಿ ಎಷ್ಟು ಜನ ಈ ವರದಿಯನ್ನು ಹಂಚಿದರು?

ಯೂಟ್ಯೂಬಿನ ‘ಸ್ವತಂತ್ರ’ ದನಿಗಳೇ ಇದಕ್ಕೆ ಮದ್ದು ಎನ್ನುವವರಿದ್ದಾರೆ. ಒಳ್ಳೆಯ ಕೆಲಸ ಮಾಡುವವರು ಅಲ್ಲಿಯೂ ಇದ್ದಾರೆ, ಅವರಿಗೆ ನನ್ನ ನಮಸ್ಕಾರ. ಆದರೆ ಮೈಕ್ ಮುಂದೆ ಕುಳಿತು ‘ಯಾವ ಮೀಡಿಯಾವೂ ಹೇಳದ ಸತ್ಯ’ ಎಂದು ಶುರುಮಾಡುವ ಬಹುತೇಕ ವಿಡಿಯೊಗಳನ್ನು ಗಮನಿಸಿ ನೋಡಿ. ಅವರ ಕೈಯಲ್ಲಿರುವುದು ಅಂದಿನ ದಿನಪತ್ರಿಕೆಯ ತುಣುಕು. ಯಾರೋ ವರದಿಗಾರ ಬಿಸಿಲಲ್ಲಿ ಅಲೆದು ತಂದ ಸಂಗತಿಯ ಮೇಲೆ ಇವರು ತಮ್ಮ ಆವೇಶ ಸುರಿದು, ವರದಿಗಾರನನ್ನೇ ಬೈದು, ಲೈಕ್ ಕೇಳುತ್ತಾರೆ. ಪತ್ರಿಕೆಗಳು ಒಂದು ವಾರ ಮುಚ್ಚಿದರೆ ಈ ವಾಹಿನಿಗಳಲ್ಲಿ ಬಹುಪಾಲಿಗೆ ಮಾತಾಡಲು ವಿಷಯವೇ ಇರುವುದಿಲ್ಲ.

ಇನ್ನೊಂದು ವ್ಯತ್ಯಾಸವಿದೆ, ಅದನ್ನು ಯಾರೂ ಹೇಳುವುದಿಲ್ಲ. ಪತ್ರಿಕೆಯ ಕೊನೆಯ ಪುಟದ ಕೊನೆಯ ಸಾಲು ಓದಿ. ಮುದ್ರಕರು ಯಾರು, ಪ್ರಕಾಶಕರು ಯಾರು, ಸಂಪಾದಕರು ಯಾರು, ಎಲ್ಲಿ ಅಚ್ಚಾಯಿತು ಎಂಬುದು ಅಲ್ಲಿರುತ್ತದೆ. 1867ರ ಕಾಯ್ದೆಯಿಂದ ಬಂದ ಕಡ್ಡಾಯ ಇದು. ಆ ಕಾಯ್ದೆಯ ಜಾಗದಲ್ಲಿ 2023ರಲ್ಲಿ ಹೊಸದು ಬಂದರೂ, ಬರೆದದ್ದಕ್ಕೆ ಹೊಣೆಗಾರರು ಇರಬೇಕೆಂಬ ನಿಯಮ ಉಳಿದಿದೆ. ತಪ್ಪಾದರೆ ಪತ್ರಿಕಾ ಮಂಡಳಿಗೆ ದೂರು ಕೊಡಬಹುದು, ಸಂಪಾದಕರನ್ನು ಕೋರ್ಟಿಗೆ ಎಳೆಯಬಹುದು, ತಿದ್ದುಪಡಿ ಹಾಕಿಸಬಹುದು. ಮುರ್ಕಿಯ ಸಾವಿಗೆ ಕಾರಣವಾದ ಫಾರ್ವರ್ಡಿನ ಸಂಪಾದಕರು ಯಾರು? ಅದರ ತಿದ್ದುಪಡಿ ಯಾವ ಪುಟದಲ್ಲಿ ಬಂತು?

ಈಗ ಲಾಭದ ಲೆಕ್ಕಕ್ಕೆ ಬರೋಣ. ಎಲ್ಲ ಸುದ್ದಿಯೂ ಸುಳ್ಳು ಎಂದು ಜನ ನಂಬಿದ ದಿನ ಅತ್ಯಂತ ನೆಮ್ಮದಿಯಿಂದ ನಿದ್ದೆ ಮಾಡುವವರು ಅಧಿಕಾರದಲ್ಲಿ ಇರುವವರು. ಭ್ರಷ್ಟಾಚಾರದ ವರದಿ ಬಂದರೆ ಅವರು ದಾಖಲೆಗೆ ಉತ್ತರ ಕೊಡಬೇಕಿಲ್ಲ, ‘ಇದು ಮಾಧ್ಯಮದ ಸೃಷ್ಟಿ’ ಎಂದರೆ ಸಾಕು, ಜನ ಒಪ್ಪುತ್ತಾರೆ. 2021ರ ಮೇ 2ರ ರಾತ್ರಿಯಿಂದ 3ರ ಬೆಳಗಿನವರೆಗೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಏನಾಯಿತು? ಒಂದು ದಿನದೊಳಗೆ 24 ರೋಗಿಗಳು ಸತ್ತರು. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದಿತು ಸರ್ಕಾರ. ಆಸ್ಪತ್ರೆಯ ಅಂಗಳದಲ್ಲಿ ನಿಂತು ಬಂಧುಗಳ ಮಾತು ದಾಖಲಿಸಿದ ವರದಿಗಾರರು ಬೇರೆಯೇ ಕಥೆ ಬರೆದರು. ಹೈಕೋರ್ಟು ನೇಮಿಸಿದ ಸಮಿತಿಯೂ ಆಮ್ಲಜನಕದ ಕೊರತೆಯತ್ತಲೇ ಬೆರಳು ತೋರಿಸಿತು. ಆ ವರದಿಗಳನ್ನೂ ‘ಮೀಡಿಯಾದವರ ಸುಳ್ಳು’ ಎಂದು ತಳ್ಳಿಹಾಕಿದ್ದರೆ ಸತ್ತವರ ಮನೆಯವರಿಗೆ ಯಾರು ಉಳಿಯುತ್ತಿದ್ದರು?

ಅವಿಶ್ವಾಸ ಹೆಚ್ಚಿದಷ್ಟೂ ಸತ್ಯವನ್ನು ತಾವೇ ನಿರ್ಧರಿಸುತ್ತೇವೆ ಎಂದು ಸರ್ಕಾರಗಳು ಮುಂದೆ ಬರುತ್ತವೆ. ತನ್ನ ಬಗೆಗಿನ ಸುದ್ದಿ ನಿಜವೋ ಸುಳ್ಳೋ ಎಂದು ಹೇಳಲು ತನ್ನದೇ ಫ್ಯಾಕ್ಟ್ ಚೆಕ್ ಘಟಕ ಬೇಕೆಂದು ಕೇಂದ್ರ ಸರ್ಕಾರ 2023ರಲ್ಲಿ ನಿಯಮ ತಂದಿತು. 2024ರ ಸೆಪ್ಟೆಂಬರಿನಲ್ಲಿ ಬಾಂಬೆ ಹೈಕೋರ್ಟು ಅದನ್ನು ರದ್ದು ಮಾಡಿತು. 2025ರಲ್ಲಿ ಹೊರಬಂದ ಕರ್ನಾಟಕ ಸರ್ಕಾರದ ಸುಳ್ಳು ಸುದ್ದಿ ಮಸೂದೆಯ ಕರಡಿನಲ್ಲಿ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷ ರೂಪಾಯಿವರೆಗೆ ದಂಡ, ಮಂತ್ರಿಯೇ ಮುಖ್ಯಸ್ಥರಾಗಿರುವ ಪ್ರಾಧಿಕಾರ ಎಲ್ಲವೂ ಇತ್ತು. ಪಕ್ಷ ಬೇರೆ, ಆಸೆ ಒಂದೇ. ಪತ್ರಿಕೆಗಳನ್ನು ನಂಬದ ಜನ ಇಂಥ ಕಾಯ್ದೆ ಬಂದರೆ ಯಾರ ಪರವಾಗಿ ಬೀದಿಗೆ ಇಳಿಯುತ್ತಾರೆ?

ಕಾಸಿನ ಮಾತನ್ನೂ ಆಡಿಬಿಡಬೇಕು. ಮಾಧ್ಯಮ ಮಾರಾಟವಾಗಿದೆ ಎನ್ನುವವರೇ, ನೀವು ಕೊಂಡಿರಾ? ಸುದ್ದಿ ಪುಕ್ಕಟೆ ಬೇಕು, ಪಿಡಿಎಫ್ ಬೆಳಗಾಗುವ ಮೊದಲೇ ಗುಂಪಿಗೆ ಬರಬೇಕು, ಪತ್ರಿಕೆ ಒಂದು ರೂಪಾಯಿ ಏರಿಸಿದರೆ ಬಿಟ್ಟುಬಿಡಬೇಕು. ಆಮೇಲೆ ಆ ಪತ್ರಿಕೆ ಸರ್ಕಾರದ ಜಾಹೀರಾತಿಗೆ, ರಿಯಲ್ ಎಸ್ಟೇಟಿನವರ ಪುಟಕ್ಕೆ ಕೈಚಾಚಿತೆಂದು ಉರಿಯಬೇಕು. ಓದುಗ ಬಿಟ್ಟ ಜಾಗದಲ್ಲಿ ಜಾಹೀರಾತುದಾರ ಬಂದು ಕೂರುತ್ತಾನೆ. 1980ರಲ್ಲಿ ಪಿ. ಲಂಕೇಶ್ ಒಂದೂ ಜಾಹೀರಾತಿಲ್ಲದೆ ವಾರಪತ್ರಿಕೆ ಶುರುಮಾಡಿ, ಓದುಗರ ದುಡ್ಡಿನಲ್ಲೇ ನಡೆಸಿ, ಮುಖ್ಯಮಂತ್ರಿಗಳನ್ನು ನಡುಗಿಸಿದರು. ಅದು ಲಂಕೇಶರ ಎದೆಗಾರಿಕೆ ಎಷ್ಟೋ, ವಾರ ವಾರ ಅಂಗಡಿಯ ಮುಂದೆ ನಿಂತು ದುಡ್ಡು ಕೊಟ್ಟ ಕನ್ನಡಿಗರದ್ದೂ ಅಷ್ಟೇ. 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ಆದೇಶದಿಂದ ಚುನಾವಣಾ ಬಾಂಡುಗಳ ವಿವರ ಹೊರಬಿದ್ದಾಗ, ಯಾವ ಕಂಪನಿ ಯಾವ ಪಕ್ಷಕ್ಕೆ ಯಾವಾಗ ಕೊಟ್ಟಿತು, ಅದಕ್ಕೆ ಮೊದಲು ಯಾವ ದಾಳಿ ನಡೆದಿತ್ತು ಎಂದು ಒಟ್ಟಾಗಿ ಹುಡುಕಿದ ಸುದ್ದಿಮನೆಗಳಲ್ಲಿ ಬೆಂಗಳೂರಿನ ‘ದಿ ನ್ಯೂಸ್ ಮಿನಿಟ್’ ಇತ್ತು, ‘ನ್ಯೂಸ್‌ಲಾಂಡ್ರಿ’, ‘ಸ್ಕ್ರೋಲ್’ ಇದ್ದವು. ಅವು ಓದುಗರು ಕೊಡುವ ಹಣವನ್ನೂ ನೆಚ್ಚಿಕೊಂಡವು. ದುಡ್ಡು ಕೊಟ್ಟ ಓದುಗರು ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಹಾಗಾದರೆ ಯಾವುದನ್ನು ನಂಬುವುದು ಎಂಬ ಪ್ರಶ್ನೆ ಬರುತ್ತದೆ. ಸಂಸ್ಥೆಯ ಹೆಸರನ್ನು ನಂಬಬೇಡಿ, ಕೆಲಸವನ್ನು ನೋಡಿ. ವರದಿಯಲ್ಲಿ ಯಾರಾದರೂ ಹೋಗಿ ನೋಡಿದ್ದಾರೆಯೇ? ದಾಖಲೆಯ ಹೆಸರು, ದಿನಾಂಕ ಇದೆಯೇ? ಆಪಾದನೆಗೆ ಒಳಗಾದವರ ಉತ್ತರವಿದೆಯೇ? ವರದಿಗಾರರ ಹೆಸರಿದೆಯೇ? ನಿನ್ನೆಯ ತಪ್ಪನ್ನು ಇಂದು ತಿದ್ದಿಕೊಂಡಿದ್ದಾರೆಯೇ? ಒಂದೇ ಪತ್ರಿಕೆಯಲ್ಲಿ ನಂಬಬಹುದಾದ ವರದಿಯೂ ನಂಬಲಾಗದ ವರದಿಯೂ ಅಕ್ಕಪಕ್ಕ ಇರುತ್ತವೆ, ಬೇರ್ಪಡಿಸುವ ಕೆಲಸ ಓದುಗನದ್ದು. ಕೋರ್ಟಿನ ತೀರ್ಪು, ಸಿಎಜಿ ವರದಿ, ರಾಜ್ಯಪತ್ರ, ಸದನದಲ್ಲಿ ಕೊಟ್ಟ ಉತ್ತರಗಳು ಈಗ ಯಾರ ಫೋನಿಗಾದರೂ ಸಿಗುತ್ತವೆ. ದೊಡ್ಡ ಆಪಾದನೆ ಕಂಡಾಗ ಮೂಲಕ್ಕೆ ಹೋಗಿ. ಊರಿನ ಸುದ್ದಿಗೆ ಊರಿನ ಪತ್ರಿಕೆ ಓದಿ. ಮೈಸೂರಿನ ‘ಆಂದೋಲನ’ದಂಥ ಜಿಲ್ಲಾ ಪತ್ರಿಕೆಗೆ ಗೊತ್ತಿರುವ ಸಂಗತಿ ದೆಹಲಿಯ ನಿರೂಪಕನಿಗೆ ಎಂದೂ ಗೊತ್ತಾಗುವುದಿಲ್ಲ. ಸಿಟ್ಟು ಬರಿಸುವ ವಿಡಿಯೊವನ್ನು ಒಂದು ರಾತ್ರಿ ತಡೆದು ಇಟ್ಟುಕೊಳ್ಳಿ. ನಿಜವಾಗಿದ್ದರೆ ನಾಳೆಯೂ ನಿಜವಾಗಿಯೇ ಇರುತ್ತದೆ.

ಸುದ್ದಿಮನೆಗಳಿಗೂ ಹೇಳಬೇಕಾದದ್ದಿದೆ. ಜನರ ಅವಿಶ್ವಾಸಕ್ಕೆ ಮೊದಲ ಇಟ್ಟಿಗೆ ಇಟ್ಟವರು ನೀವೇ. ಮುಖಪುಟದಲ್ಲಿ ಮಾಡಿದ ತಪ್ಪಿಗೆ ಮುಖಪುಟದಲ್ಲೇ ತಿದ್ದುಪಡಿ ಹಾಕಿ. ಜಾಹೀರಾತಿಗೆ ಜಾಹೀರಾತು ಎಂದು ಓದಲಾಗುವ ಅಕ್ಷರದಲ್ಲಿ ಬರೆಯಿರಿ. ತಾಲ್ಲೂಕು ವರದಿಗಾರನಿಂದ ಜಾಹೀರಾತು ತರಿಸುವುದನ್ನು ನಿಲ್ಲಿಸಿ, ಅವನಿಗೆ ಬದುಕುವಷ್ಟು ಸಂಬಳ ಕೊಡಿ. ಅವನ ಮೇಲೆ ಕೇಸು ಬಿದ್ದರೆ ವಕೀಲರನ್ನು ಕಳಿಸಿ.

ಗೌರಿ ಲಂಕೇಶ್ ತಮ್ಮ ಪತ್ರಿಕೆಗೆ ಬರೆದ ಕೊನೆಯ ಸಂಪಾದಕೀಯ ಸುಳ್ಳು ಸುದ್ದಿಯ ಕಾರ್ಖಾನೆಗಳ ಬಗ್ಗೆ ಇತ್ತು. ಅದು ಓದುಗರ ಕೈಸೇರುವ ಮುನ್ನವೇ, 2017ರ ಸೆಪ್ಟೆಂಬರ್ 5ರ ರಾತ್ರಿ, ಬೆಂಗಳೂರಿನ ರಾಜರಾಜೇಶ್ವರಿ ನಗರದ ಮನೆಯ ಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಪತ್ರಿಕೆಯ ಮಾತಿಗೆ ಬೆಲೆಯಿಲ್ಲ ಎಂದು ಆ ಕೊಲೆಗಾರರು ನಂಬಿರಲಿಲ್ಲ. ಅದಕ್ಕೆ ಬೆಲೆಯಿಲ್ಲ ಎಂದು ಹೇಳುತ್ತ ತಿರುಗುತ್ತಿರುವವರು ನಾವು. ಈ ಮಾತನ್ನು ಇಂದೇ ಬಿಡಿ. ನಿಮ್ಮ ಜಿಲ್ಲೆಯಲ್ಲಿ ಹೋಗಿ ನೋಡಿ ಬರೆಯುವ ಒಬ್ಬ ವರದಿಗಾರನ ಹೆಸರು ತಿಳಿದುಕೊಳ್ಳಿ, ಅವರು ಬರೆಯುವ ಪತ್ರಿಕೆಗೆ ದುಡ್ಡು ಕೊಟ್ಟು ಚಂದಾದಾರರಾಗಿ, ಅದು ತಪ್ಪು ಬರೆದ ದಿನ ಸಂಪಾದಕರಿಗೆ ನಿಮ್ಮ ಹೆಸರು ಹಾಕಿ ಪತ್ರ ಬರೆಯಿರಿ.